ನೋಡದೆ ಡಿಸ್ಕ್ ಮಾಡುವ ಮಿಷನ್

ತಪ್ಪು ಮಾಡಿ ಮುಚ್ಚಿಟ್ಟವನಷ್ಟು ಚೊಕ್ಕವಾಗಿ ಸಾಮಾನು ಆರಿಸುವವರು ಬೇರೆ ಯಾರೂ ಇಲ್ಲ. ಉಳಿದವರಿಗೆ ಕೊಂಡು ಮನೆಗೆ ಹೋಗುವ ಅವಸರ. ಇವನಿಗೆ ಕೊಳ್ಳುವುದೇ ಬೇಕಾಗಿರುವುದಿಲ್ಲ. ಹಾಗಾಗಿ ಎತ್ತಿ ನೋಡುತ್ತಾನೆ, ತಿರುವಿ ನೋಡುತ್ತಾನೆ, ಹಿಂದಿನ ತೂತುಗಳಲ್ಲಿ ಬೆರಳಿಟ್ಟು ನೋಡುತ್ತಾನೆ. ಹಳೆಯ ವಿಡಿಯೋ ಕ್ಯಾಸೆಟ್ಟನ್ನು ಡಿಸ್ಕಿಗೆ ಇಳಿಸುವ ಮಿಷನ್ ಹುಡುಕುತ್ತ ನಾನು ಬೀದರದ ಅಂಗಡಿಗಳನ್ನು ಹೀಗೆಯೇ ಮೂರು ತಿಂಗಳು ಸುತ್ತಿದೆ.

ಕ್ಯಾಸೆಟ್ಟು ನನ್ನ ತಂಗಿ ಕಸ್ತೂರಿಯ ಮದುವೆಯದು. ಎರಡು ವರ್ಷ ಸಾಲಾಗಿ ಮಳೆ ಕೈಕೊಟ್ಟಾಗ, ನಮ್ಮ ಔರಾದ ಕಡೆಯ ಎಷ್ಟೋ ಜನರಂತೆ ಅವಳೂ ಅವಳ ಗಂಡನೂ ಕಟ್ಟಡದ ಕೆಲಸಕ್ಕೆ ಹೈದರಾಬಾದಿಗೆ ಹೊರಟರು. ಸಂತಪುರದ ಬಸ್ ಸ್ಟ್ಯಾಂಡಿನಲ್ಲಿ ಅವಳು ಕ್ಯಾಸೆಟ್ಟನ್ನು ಟವೆಲ್ಲಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. "ಅಣ್ಣಾ, ಅಲ್ಲಿ ತಗಡಿನ ಶೆಡ್ಡಿನ್ಯಾಗ ಇದು ಉಳಿಯಂಗಿಲ್ಲ. ನೀ ಟಿವಿ ಅಂಗಡ್ಯಾಗ ಇರ್ತಿ, ನಿನಗ ತಿಳೀತದ. ಇದರಾಗ ಅವ್ವ ಇದ್ದಾಳ," ಎಂದಳು. ಅವ್ವ ತೀರಿಕೊಂಡು ಆಗಿನ್ನೂ ವರ್ಷವಾಗಿರಲಿಲ್ಲ. ಫೋಟೋಗಳಲ್ಲಿ ಅವಳು ಪೊಲೀಸರೆದುರು ನಿಂತವಳಂತೆ ಸೆಟೆದು ನಿಂತಿದ್ದಾಳೆ. ನಡೆದಾಡುವ, ಮಾತಾಡುವ ಅವ್ವ ಉಳಿದದ್ದು ಆ ಕ್ಯಾಸೆಟ್ಟಿನಲ್ಲಿ ಮಾತ್ರ.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟು, ಭಾಲ್ಕಿಯಲ್ಲಿ ಟಿವಿ, ವಿಸಿಆರ್ ಬಾಡಿಗೆಗೆ ಕೊಡುವ ಅಂಗಡಿ ಸೇರಿದವನು. ಟಿವಿಯನ್ನು ಗೋಣಿಚೀಲದಲ್ಲಿ ಸುತ್ತಿ ಹೊತ್ತೊಯ್ದು, ಎರಡು ವೈರು ಸಿಕ್ಕಿಸಿ, ಕೂತ ಜನರ ಮುಂದೆ ಇಂಜಿನಿಯರನಂತೆ ನಿಲ್ಲುತ್ತಿದ್ದೆ. ತಂಗಿ ಹೋದ ಕೆಲವೇ ದಿನಕ್ಕೆ ಒಂದು ಕ್ರಿಕೆಟ್ ಪಂದ್ಯ ಬಂತು. ಅದೇ ದಿನ ಅಂಗಡಿಯ ಸಾಹುಕಾರರು ತೊಟ್ಟಿಲು ಕಾರ್ಯವೊಂದಕ್ಕೆ ಟಿವಿ ಒಯ್ಯಲು ಹೇಳಿದರು. ಪಂದ್ಯವನ್ನು ರೆಕಾರ್ಡಿಗೆ ಹಾಕಿ ಹೋಗೋಣವೆಂದರೆ ಖಾಲಿ ಕ್ಯಾಸೆಟ್ಟು ಒಂದೂ ಇಲ್ಲ, ಕೈಯಲ್ಲಿದ್ದದ್ದು ತಂಗಿಯದು ಮಾತ್ರ.

ಗೊತ್ತಿಲ್ಲದೆ ಆಯಿತು ಎಂದು ನಾನು ಪಾರಾಗುವಂತಿಲ್ಲ. ಕ್ಯಾಸೆಟ್ಟಿನ ಬೆನ್ನಿಗೆ ಒಂದು ಸಣ್ಣ ಪ್ಲಾಸ್ಟಿಕ್ ಚೂರು ಇರುತ್ತದೆ. ಅದನ್ನು ಮುರಿದರೆ ಅದರ ಮೇಲೆ ಮತ್ತೇನೂ ರೆಕಾರ್ಡ್ ಆಗುವುದಿಲ್ಲ. ಮದುವೆಯ ವಿಡಿಯೋದವನು ನೆನಪಿಟ್ಟು ಮುರಿದಿದ್ದ. ನಾನು ನೆನಪಿಟ್ಟು ಆ ತೂತಿಗೆ ಗಾಯದ ಪಟ್ಟಿ ಅಂಟಿಸಿ, ಮುರಿದೇ ಇಲ್ಲವೆಂದು ಮಿಷನ್ನನ್ನು ನಂಬಿಸಿದೆ. ಕೊನೆಯಲ್ಲಿ ಒಂದಿಷ್ಟು ಖಾಲಿ ಇದ್ದೀತೆಂದು ಅಂದಾಜಿನ ಮೇಲೆ ಮುಂದಕ್ಕೆ ಓಡಿಸಿ, ಗುಂಡಿ ಒತ್ತಿ ಹೋದೆ. ಸಂಜೆ ಬಂದಾಗ ಕರೆಂಟು ಹೋಗಿ ಎಲ್ಲ ನಿಂತಿತ್ತು. ಕರೆಂಟು ಬಂದ ಮೇಲೆ ಹಾಕಿ ನೋಡಿದೆ. ಪಂದ್ಯದ ರೆಕಾರ್ಡು ನಿಂತ ಕಡೆ ಖಾಲಿ ಇರಲಿಲ್ಲ, ನಮ್ಮ ಮನೆಯ ಹಂದರ ಕಾಣಿಸಿತು. ಥಟ್ಟನೆ ಬಂದ್ ಮಾಡಿದೆ. ಕರೆಂಟು ಎಷ್ಟು ಹೊತ್ತು ಇತ್ತೋ ಅಷ್ಟು ಮದುವೆ ಹೋಗಿತ್ತು. ಅದರಲ್ಲಿ ಅವ್ವ ಎಷ್ಟು ಹೋದಳು ಎಂದು ನೋಡುವ ಧೈರ್ಯ ನನಗೆ ಮುಂದೆ ನಾಲ್ಕು ವರ್ಷ ಬರಲಿಲ್ಲ.

ನಾಲ್ಕು ವರ್ಷದ ಮೇಲೆ ತಂಗಿ ಹೈದರಾಬಾದಿನಲ್ಲಿ ಡಿಸ್ಕ್ ಹಾಕುವ ಪ್ಲೇಯರ್ ಕೊಂಡಳು. "ಅಣ್ಣಾ, ನನ್ನ ಮಗಳು ಅಜ್ಜೀನ ನೋಡಿಲ್ಲ. ಡಿಸ್ಕ್ ಮಾಡಿಸಿ ಕೊಡು," ಎಂದು ಫೋನು ಮಾಡಿದಳು. "ಸಾದಾ ಮಿಷನ್ನಿಗಿ ಹಾಕಿದ್ರ ಟೇಪು ಹರೀತದವ್ವ. ಛಲೋದು ಹುಡುಕಿ ಮಾಡಸ್ತೇನಿ," ಎಂದೆ.

ಹುಡುಕಿದೆ, ಅದರಲ್ಲಿ ಮಾತ್ರ ಹಿಂದೆ ಬೀಳಲಿಲ್ಲ. ಒಂದು ಮಿಷನ್ನಿಗೆ ಎರಡು ಬಾಯಿ, ಒಂದರಲ್ಲಿ ಕ್ಯಾಸೆಟ್ಟು, ಇನ್ನೊಂದರಲ್ಲಿ ಡಿಸ್ಕು. ಎರಡು ಕೆಲಸ ಮಾಡುವವನು ಒಂದನ್ನೂ ನೆಟ್ಟಗೆ ಮಾಡುವುದಿಲ್ಲವೆಂದು ಬಿಟ್ಟೆ. ಇನ್ನೊಂದು, ಕಂಪ್ಯೂಟರಿಗೆ ಸಿಕ್ಕಿಸುವ ಬೆಂಕಿಪೊಟ್ಟಣದಷ್ಟು ಡಬ್ಬಿ. ಇಷ್ಟು ಸಣ್ಣದರಲ್ಲಿ ಇಡೀ ಮದುವೆ ಹಿಡಿಯುವುದು ಹೇಗೆಂದು ಕೇಳಿದೆ. ಒಂದು ಅಂಗಡಿಗೆ ನಾಲ್ಕನೆಯ ಸಲ ಹೋದಾಗ ಅಂಗಡಿಯವರು, "ನೀವು ಮಿಷನ್ ನೋಡ್ಲಿಕ್ಕ ಬರ್ತೀರೋ, ಹೆಣ್ಣು ನೋಡ್ಲಿಕ್ಕ ಬರ್ತೀರೋ?" ಎಂದರು. ಆಗ ನನ್ನ ಬಾಯಿಂದ ನಿಜ ಹೊರಬಿತ್ತು. "ಚಿತ್ರ ತೋರಸಲಾರದಂಗ ಡಿಸ್ಕ್ ಮಾಡೂ ಮಿಷನ್ ಅದ ಏನ್ರಿ?"

ಅವರು ಕೈಯಲ್ಲಿದ್ದ ಡಬ್ಬಿ ಕೆಳಗಿಟ್ಟರು. "ಯಾರ ಮದುವಿರೀ, ನೋಡಬಾರದಂಥಾದ್ದು?"

ಆ ದಿನವೇ ಗಟ್ಟಿ ಮನಸ್ಸು ಮಾಡಿ ತಂಗಿಗೆ ಫೋನು ಹಚ್ಚಿ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. "ಅವ್ವ ಅದಾಳೋ ಇಲ್ಲೋ?" ಎಂದಳು. ಗೊತ್ತಿಲ್ಲವೆಂದೆ. "ನಾ ಬರೂ ತನಕ ಅದನ್ನ ಮುಟ್ಟಬ್ಯಾಡ."

ರವಿವಾರ ಗಂಡನೊಂದಿಗೆ ಬಸ್ಸಿಳಿದು ನೇರ ಬೀದರದ ಆ ಅಂಗಡಿಗೆ ಬಂದಳು. ಅಂಗಡಿಯವರು ನನ್ನನ್ನು ಕೇಳದೆ ಎರಡು ಬಾಯಿಯ ಮಿಷನ್ನನ್ನೇ ತೆಗೆದು ಕ್ಯಾಸೆಟ್ಟು ಹಾಕಿದರು. ಹಂದರ ಬಂತು, ಬೀಗರು ಬಂದರು. ಕೈಯಲ್ಲಿ ಅರಿಷಿಣದ ತಟ್ಟೆ ಹಿಡಿದ ಅವ್ವ ಬಂದಳು. "ನನ್ನ ಯಾಕ ಹಿಡೀತಿಯೋ ತಮ್ಮಾ, ಮದುಮಗಳನ್ನ ಹಿಡಿ," ಎಂದು ಕ್ಯಾಮೆರಾದವನಿಗೆ ಹೇಳಿ ನಕ್ಕಳು. ಕಸ್ತೂರಿ ಸೆರಗು ಬಾಯಿಗೆ ಹಿಡಿದಳು. ಅಷ್ಟರಲ್ಲಿ ತೆರೆ ಜಿಗಿದು ಕ್ರಿಕೆಟ್ ಬಂತು. ನಾವು ಮೂವರೂ ಉಸಿರು ಹಿಡಿದು ಇಪ್ಪತ್ತು ನಿಮಿಷ ಯಾರದೋ ಬೌಲಿಂಗ್ ನೋಡಿದೆವು. ಮತ್ತೆ ಹಂದರ ಬಂತು, ಮಗಳನ್ನು ಕಳಿಸುತ್ತ ಅಳುವ ಅವ್ವ ಬಂದಳು. ಅವಳು ಪೂರ್ತಿ ಉಳಿದಿದ್ದಳು.

ಹೋದದ್ದು ಏನೆಂದು ತಂಗಿಯ ಗಂಡನೇ ಮೊದಲು ಕಂಡುಹಿಡಿದ. ನಮ್ಮ ಗಡಿ ಭಾಗದ ಮದುವೆಗಳಲ್ಲಿ ಹೆಣ್ಣಿನ ಅಣ್ಣ ಮದುಮಗನ ಕಿವಿ ಹಿಂಡಿ, ತಂಗಿಯನ್ನು ನೆಟ್ಟಗೆ ನೋಡಿಕೋ ಎಂದು ಹೇಳುವ ಪದ್ಧತಿ ಇದೆ. ನಾನು ಅವನು ಕೂಗುವಷ್ಟು ಜೋರಾಗಿ ಹಿಂಡಿದ್ದೆ. ಇಡೀ ಮದುವೆಯಲ್ಲಿ ನಾನು ಕ್ಯಾಮೆರಾಕ್ಕೆ ಬಿದ್ದದ್ದು ಅದೊಂದೇ ಸಲ. "ಛಲೋ ಆತು ಬಿಡ್ರಿ, ಮಗಳ ಮುಂದ ನನ್ನ ಮಾನ ಉಳೀತು," ಎಂದ.

"ಈ ಕ್ರಿಕೆಟ್ ಕತ್ತರಿಸಿ ತಗೀಲೇನ್ರಿ?" ಎಂದು ಅಂಗಡಿಯವರು ಕೇಳಿದರು.

"ಇರ್ಲಿ ಬಿಡ್ರಿ," ಎಂದಳು ಕಸ್ತೂರಿ. "ಮಾಮ ಎಲ್ಲಿ ಅಂತ ಮಗಳು ಕೇಳಿದ್ರ ನಾ ಏನು ತೋರಸ್ಲಿ?"

ಅವಳು ಹೇಳಿದಂತೆಯೇ ಮಾಡಿದ್ದಾಳೆ. ಆ ಇಪ್ಪತ್ತು ನಿಮಿಷದಲ್ಲಿ ನಮ್ಮ ತಂಡದವನೊಬ್ಬ, ನೇರ ಕೈಗೇ ಬಂದ ಕ್ಯಾಚನ್ನು ಕೈಚೆಲ್ಲಿ ತಲೆ ಕೆಳಗೆ ಹಾಕಿ ನಿಲ್ಲುತ್ತಾನೆ. ಡಿಸ್ಕ್ ಹಾಕಿದಾಗಲೆಲ್ಲ ತಂಗಿಯ ಮಗಳು ಅವನನ್ನು ತೋರಿಸಿ, "ನೋಡು, ಮಾಮ ಮತ್ತ ಬಿಟ್ಟ," ಅನ್ನುತ್ತಾಳಂತೆ. ಅದು ನಾನಲ್ಲ ಎಂದು ನಾನು ಇನ್ನೂ ಹೇಳಿಲ್ಲ.