ನಂಗ್ ಎಷ್ಟು?

ಯಲಬುರ್ಗಾ ಕಡೆಯ ಮಂಗಳೂರಿನ ಪಂಚಾಯ್ತಿ ಆಫೀಸಿನಲ್ಲಿ ಕೊಟ್ರಪ್ಪ ಒಂಬತ್ತು ವರ್ಷದಿಂದ ಹಂಗಾಮಿ ಗುಮಾಸ್ತ. ಅವನನ್ನು ಖಾಯಂ ಮಾಡುವ ಆದೇಶ ಬೆಂಗಳೂರಿನಿಂದ ಹೊರಟಿದೆ ಎಂಬ ಸುದ್ದಿ ಬಂದು ಹದಿನೈದು ದಿನವಾಗಿತ್ತು. ಆದೇಶ ಮಾತ್ರ ಬಂದಿರಲಿಲ್ಲ. ಅಂಚೆಯವನ ಬೈಕಿನ ಸದ್ದಾದರೆ ಸಾಕು, ಕರುವಿನ ದನಿ ಕೇಳಿದ ಎಮ್ಮೆಯಂತೆ ಅವನ ಕಿವಿ ನಿಮಿರುತ್ತಿದ್ದವು.

ಸೋಮವಾರ ಹನ್ನೊಂದಕ್ಕೆ ಫೋನು ಬಂತು.

"ಮಂಗಳೂರಾ? ಬೆಂಗಳೂರಿಂದ ಮಾತಾಡ್ತಿರೋದು. ನಂಗ್ ಎಷ್ಟು? ಬೇಗ ಹೇಳ್ರೀ."

ಕೊಟ್ರಪ್ಪ ಫೋನಿಗೆ ಅಂಗೈ ಮುಚ್ಚಿದ. "ಶಾಮೀದಸಾಬ, ನಾವು ನನಗ ಅನ್ನೂದಕ್ಕ ಬೆಂಗಳೂರಾಗ ನಂಗ್ ಅಂತಾರ, ಹೌದಿಲ್ಲೊ? ಈ ಮನಷ್ಯಾ ತನಗೆಷ್ಟು ಅಂತ ಕೇಳಾಕತ್ತಾನಲ್ಲೊ!"

ಜವಾನ ಶಾಮೀದಸಾಬ ಗಡ್ಡ ನೀವಿಕೊಂಡ. "ಮತ್ತ ಖಾಯಂ ಆರ್ಡರ್ ಪುಕ್ಕಟ ಬರ್ತೈತೇನ್ರಿ? ಏನರ ಒಂದು ಹೇಳ್ರಿ."

ಸಂತೆಗೆ ಹೊರಟಿದ್ದ ವಿರೂಪಾಕ್ಷಮ್ಮ ನಳದ ದೂರು ಹೇಳಲು ಬಂದು ಬಾಗಿಲಲ್ಲಿ ನಿಂತಿದ್ದಳು. ಕಂಕುಳಲ್ಲಿ ಹುಂಜ. ಕೊಟ್ರಪ್ಪನ ಕಣ್ಣು ಅದರ ಮೇಲೆ ಬಿತ್ತು.

"ಒಂದ್... ಒಂದೈತ್ರಿ ಸರ್."

"ಒಂದೇ? ಹೋದ ವರ್ಷ ಎಂಟುನೂರು ಟನ್ ಕೊಟ್ಟಿದ್ರಿ! ನಾನು ಇಡೀ ದೇಶದ ಪಾಲು ತೆಗೀಬೇಕು ಕಣ್ರೀ."

ಕೊಟ್ರಪ್ಪನ ಮುಖ ನೀರು ಕಾಣದ ಬದನೆ ಸಸಿಯಂತೆ ಜೋತುಬಿತ್ತು. ಮತ್ತೆ ಫೋನಿಗೆ ಅಂಗೈ ಮುಚ್ಚಿದ. "ಎಂಟುನೂರು ಟನ್ ಹುಂಜ! ಇಡೀ ದೇಶದಾಗ ಪಾಲು ತಗೊಂತಾನಂತ!"

"ಭಾಳ ದೊಡ್ಡ ಆಫೀಸರ್ ಅದಾನ," ಎಂದು ಶಾಮೀದಸಾಬ ಗೌರವದಿಂದ ಟೊಪ್ಪಿಗೆ ಸರಿಮಾಡಿಕೊಂಡ.

"ಹೋಗ್ಲಿ, ನಂಗ್ ರೇಟು ಏರಿದ್ಯಾ, ಇಳಿದಿದ್ಯಾ?"

"ನಿಮ್ಮ ರೇಟು ಯಾಕ ಇಳೀತೈತ್ರಿ ಸರ್! ದಿನಾ ಏರಾಕತ್ತೈತಿ."

"ಒಳ್ಳೇದು. ಮಾಲು ತಾಜಾನಾ, ಒಣಗಿಸಿದ್ದಾ?"

ಅಷ್ಟರಲ್ಲಿ ಶಾಮೀದಸಾಬ ಹುಂಜದ ಕಾಲಿಗೆ ಕೈ ಹಾಕಿದ್ದ. "ಬಿಡೊ ನನ್ನ ಹುಂಜಾ! ನಳ ಕೇಳಾಕ ಬಂದ್ರ ಹುಂಜಾ ಕಸಗೊಂತೀರೇನು?" ಎಂದು ವಿರೂಪಾಕ್ಷಮ್ಮ ಅವನ ಟೊಪ್ಪಿಗೆಗೆ ಬಡಿದಳು. ಹುಂಜ ಹಾರಿ ಹಾಜರಿ ಪುಸ್ತಕದ ಮೇಲೆ ಕೂತು ಗಟ್ಟಿಯಾಗಿ ಕೂಗಿತು.

"ಜೀವಂತ ಐತ್ರಿ ಸರ್. ಕೂಗಾಕತ್ತೈತಿ, ಕೇಳ್ರಿ."

"ಮೀನು ಕೂಗುತ್ತೇನ್ರೀ?"

"ಮೀನು?"

"ನಂಗ್ ಅಂದ್ರೆ ಮೀನು! ಚಪಾತಿ ಥರ ಚಪ್ಪಟೆ, ಎರಡು ಕಣ್ಣೂ ಒಂದೇ ಕಡೆ! ನಾನು ಮೀನುಗಾರಿಕೆ ಇಲಾಖೆಯವನು, ದೇಶದ ಮೀನಿನಲ್ಲಿ ನಿಮ್ಮ ಪಾಲೆಷ್ಟು ಅಂತ ಲೆಕ್ಕ ಹಾಕ್ತಿದೀನಿ!"

ಕೊಟ್ರಪ್ಪನಿಗೆ ಹೋದ ಉಸಿರು ಬಂತು. "ಸಮುದ್ರದ ಮಂಗಳೂರು ಅಲ್ರಿ ಇದು. ಯಲಬುರ್ಗಾ ಕಡೆ ಮಂಗಳೂರು. ನಮ್ಮ ಕೆರಿಯಾಗ ಎಮ್ಮಿ ಬಿಟ್ರ ಏನೂ ಸಿಗೂದಿಲ್ರಿ."

ಆ ಕಡೆಯಿಂದ ನಗು ಕೇಳಿಸಿತು. "ತಪ್ಪಾಯ್ತು. ತಮ್ಮ ಹೆಸರು?"

"ಕೊಟ್ರಪ್ಪ ಅಂತ್ರಿ. ಹಂಗಾಮಿ ಗುಮಾಸ್ತ."

ನಗು ನಿಂತಿತು. "ಅಯ್ಯೋ! ಹೋದ ವಾರ ನಾನು ಆ ಮಂಗಳೂರಿನ ಬಂದರಲ್ಲಿದ್ದೆ. ನಿಮ್ಮ ಹೆಸರಿಗೊಂದು ಸರ್ಕಾರಿ ಲಕೋಟೆ, ಊರು ಬರೀ ಮಂಗಳೂರು ಅಂತ ಬರೆದಿದ್ದು, ಅಲ್ಲಿಗೆ ಬಂದಿತ್ತು."

"ಖಾಯಂ ಆರ್ಡರ್ ರೀ ಅದು! ಎಲ್ಲೈತ್ರಿ?"

"ದೋಣಿಯವರನ್ನೆಲ್ಲಾ ಕೇಳಿದೆ. ಅಂಥವರು ಕಂಡಿಲ್ಲ, ಸಮುದ್ರದ ಪಾಲಾಗಿರಬೇಕು ಅಂದ್ರು. ಹಂಗೇ ಬರೆದು ವಾಪಸ್ ಕಳಿಸ್ಬಿಟ್ಟೆ."

ಹುಟ್ಟಿದಾಗಿನಿಂದ ಸಮುದ್ರವನ್ನೇ ನೋಡದ ಕೊಟ್ರಪ್ಪ ಕುರ್ಚಿಯಲ್ಲಿ ಮೆಲ್ಲಗೆ ಮುಳುಗಿದ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆಯೇ ಹುಂಜ ತನ್ನ ಗುರುತು ಬಿಟ್ಟಿತ್ತು.

ಶಾಮೀದಸಾಬ ಒಮ್ಮೆ ವಿರೂಪಾಕ್ಷಮ್ಮನನ್ನು, ಒಮ್ಮೆ ಹುಂಜವನ್ನು ನೋಡಿ, ಬೆಂಗಳೂರಿನವರ ಧಾಟಿಯಲ್ಲಿ ಕೇಳಿದ:

"ಹಂಗಾದ್ರ ಸಾಹೇಬ್ರ, ಈ ಹುಂಜ... ನಂಗ್?"