ಕಾಡುಬೆಕ್ಕಿನ ದೋಷ ನೀರುನಾಯಿಗಿಲ್ಲ

ಹೈಡೆನ್‌ಬ್ರೋಕ್ ಬಯಲಿನ ಸೇನಾ ವಾಹನ ಪರೀಕ್ಷಾ ಕೇಂದ್ರದಲ್ಲಿ ಬ್ರೇಕ್ ಕೆಟ್ಟ ವಾಹನ ಯಾವುದೂ ಇಲ್ಲ, ಹಿಂದೆಯೂ ಇರಲಿಲ್ಲ. ಇದು ಸರ್ಕಾರದ ಅಧಿಕೃತ ನಿಲುವು. ಆದ್ದರಿಂದ ಇದು ನಿಜ.

ಅಲ್ಲಿ ಇದ್ದದ್ದು ಎಂಟು ಚಕ್ರದ ಒಂದೇ ಒಂದು ಕವಚ ಗಾಡಿ. ಅದನ್ನು ಓಡಿಸುತ್ತಿದ್ದವನು ಪರೀಕ್ಷಾ ಚಾಲಕ ಹೆನ್ನಿಂಗ್ ಬ್ರುಕ್‌ಮಾನ್. ಇಳಿಜಾರಿನಲ್ಲಿ ಬ್ರೇಕ್ ತುಳಿದರೆ ಗಾಡಿ ಮೊದಲು ಎಡಕ್ಕೆ ಎಳೆಯುತ್ತಿತ್ತು, ಆಮೇಲೆ ತನಗೆ ಮನಸ್ಸಾದಾಗ ನಿಲ್ಲುತ್ತಿತ್ತು. ಒಂದಲ್ಲ ಒಂದು ದಿನ ಇದು ತನ್ನನ್ನು ಮುಗಿಸುತ್ತದೆ ಎಂದು ಹೆನ್ನಿಂಗ್‌ಗೆ ಹೆದರಿಕೆ. ಹಾಗೆಂದು ವರ್ಷಗಟ್ಟಲೆ ದೂರು ಕೊಟ್ಟ. ಒಂದು ದೂರೂ ತಿರಸ್ಕಾರವಾಗಲಿಲ್ಲ. ಎಲ್ಲವನ್ನೂ ಗೌರವದಿಂದ ಸ್ವೀಕರಿಸಿ, ಗೌರವದಿಂದ ಮುಕ್ತಾಯಗೊಳಿಸಲಾಯಿತು.

ಹೇಗೆಂದರೆ ಹೀಗೆ. ನಮ್ಮ ಸೇನೆಯಲ್ಲಿ ಕವಚ ಗಾಡಿಗೆ ಬೇಟೆಯಾಡುವ ಕಾಡುಪ್ರಾಣಿಯ ಹೆಸರಿಡುವುದು ಪದ್ಧತಿ. ಗಾಡಿಯ ನೆತ್ತಿಯ ಮೇಲೆ ತೋಪು ಹೊತ್ತು ತಿರುಗುವ ಗೋಪುರ ಇರುತ್ತದಲ್ಲ, ಅದು ಬದಲಾದರೆ ಗಾಡಿಯೇ ಬದಲಾದಂತೆ ಎಂದು ಕೇಂದ್ರದ ನಾಮಕರಣ ವಿಭಾಗ ನಿಯಮ ಮಾಡಿತ್ತು. ಹೊಸ ಗಾಡಿಗೆ ಹೊಸ ಹೆಸರು, ಹೊಸ ಹೆಸರಿಗೆ ಹೊಸ ಅನುದಾನ. ಗೋಪುರ ಮಾಡಿಕೊಡುವ ಕಂಪನಿಗೆ ಹಬ್ಬ, ವಿಭಾಗದ ಮುಖ್ಯಸ್ಥೆ ಡಾಕ್ಟರ್ ಇರ್ಮ್‌ಟ್ರೌಟ್ ಪೋಲ್ನಿಟ್ಸ್‌ಗೆ ಪ್ರತಿ ಗೋಪುರಕ್ಕೂ ಒಂದು ಬಡ್ತಿ. ಹಳೆಯ ಹೆಸರಿನ ದೋಷಗಳು ಹಳೆಯ ಹೆಸರಿನ ಜೊತೆಗೇ ತೀರಿಕೊಳ್ಳುತ್ತಿದ್ದವು. ಬ್ರೇಕ್ ರಿಪೇರಿ ಮಾಡಿದರೆ ಯಾರಿಗೆ ಏನು ಸಿಗುತ್ತದೆ ಹೇಳಿ? ಚಾಲಕ ಬದುಕುತ್ತಾನೆ, ಅಷ್ಟೇ.

"ಫ್ರೌ ಡಾಕ್ಟರ್, ಬ್ರೇಕ್ ಹಿಡೀತಿಲ್ಲ," ಎಂದ ಹೆನ್ನಿಂಗ್ ಒಂದು ಬೆಳಿಗ್ಗೆ ಮುಖ್ಯಸ್ಥೆಯ ಕೋಣೆಗೆ ಬಂದು.

"ಯಾವುದರದ್ದು, ಹೆರ್ ಬ್ರುಕ್‌ಮಾನ್?"

"ಯಾವುದರದ್ದು ಅಂದ್ರೆ? ಇಲ್ಲಿರೋದೇ ಒಂದು ಗಾಡಿ!"

"ಹೆಸರು ಹೇಳಿ."

"ಕಾಡುಬೆಕ್ಕು."

"ಕಾಡುಬೆಕ್ಕು ಮೊನ್ನೆಗೇ ಮುಗೀತಲ್ಲ. ಒಬ್ಬರು ಕೂರೋ ಗೋಪುರ ಇಳಿಸಿ ಇಬ್ಬರು ಕೂರೋದನ್ನ ಇಟ್ಟಿದ್ದೀವಿ. ಈಗಿರೋದು ನೀರುನಾಯಿ."

"ಗೋಪುರ ಮೇಲಿರೋದು ಫ್ರೌ ಡಾಕ್ಟರ್, ಬ್ರೇಕ್ ಕೆಳಗಿರೋದು. ಕೆಳಗಡೆ ಎಲ್ಲಾ ಅದೇ!"

"ನೀರುನಾಯಿ ಬ್ರೇಕಿನ ಮೇಲೆ ಇವತ್ತಿನವರೆಗೂ ಒಂದೇ ಒಂದು ದೂರಿಲ್ಲ," ಎಂದರು ಆಕೆ, ಹೆತ್ತ ಮಗಳನ್ನು ಹೊಗಳುವಂತೆ. "ಅಷ್ಟು ಒಳ್ಳೆ ಗಾಡಿ ಮೇಲೆ ನೀವು ಕಣ್ಣು ಹಾಕಬೇಡಿ."

ಹೆನ್ನಿಂಗ್ ಹಲ್ಲು ಕಡಿದುಕೊಂಡು ವರ್ಕ್‌ಶಾಪಿಗೆ ಬಂದ. ಮೆಕ್ಯಾನಿಕ್ ಐಕೆ ಆಗಲೇ ಕಾಫಿ ಬಗ್ಗಿಸಿಕೊಂಡು ಕೇಕ್ ಮುಂದೆ ಕೂತಿದ್ದ. ಕೆಲಸಕ್ಕೆ ಹೊಸದಾಗಿ ಸೇರಿದವರು ಎಲ್ಲರಿಗೂ ಕೇಕ್ ತರಬೇಕು ಎಂಬುದು ನಮ್ಮ ಕಚೇರಿಗಳ ಸಂಪ್ರದಾಯ. ಹೊಸ ಹೆಸರಿನ ಗಾಡಿಗೆ ಬೇಕರಿಗೆ ಹೋಗಿಬರಲು ಆಗದ ಕಾರಣ ಅದರ ಪರವಾಗಿ ಗೋಪುರದ ಕಂಪನಿಯೇ ಕೇಕ್ ತರಿಸುತ್ತಿತ್ತು.

"ಸುಮ್ನಿರೋ ಮಾರಾಯ," ಎಂದ ಐಕೆ. "ನಿಂಗೊಬ್ಬನಿಗೆ ಬ್ರೇಕ್ ಚಿಂತೆ. ಚೆರ್ರಿದು ತಗೊಳ್ತೀಯಾ, ಚಾಕೊಲೇಟ್‌ದಾ?"

"ಐಕೆ, ನೀನೇ ನೋಡಿದ್ದೀಯ. ಪೈಪಲ್ಲಿ ಎಣ್ಣೆ ಸೋರ್ತಿದೆ."

"ಸೋರಿದ್ದು ಕಾಡುಬೆಕ್ಕಲ್ಲಿ. ನೀರುನಾಯಿ ಪೈಪ್ ಬಿಚ್ಚೋಕೆ ನಂಗೆ ಆರ್ಡರ್ ಇಲ್ಲಪ್ಪ." ಐಕೆ ಕೆಟ್ಟವನಲ್ಲ, ಹತ್ತೊಂಬತ್ತು ವರ್ಷದ ಗೆಳೆಯ. ಆದರೆ ಆರ್ಡರ್ ಇಲ್ಲದೆ ಸ್ಪ್ಯಾನರ್ ಮುಟ್ಟಿದವನಲ್ಲ.

ಮುಂದೆ ಮೂರನೆಯ ಗೋಪುರ ಬಂತು. ಒಳಗೆ ಯಾರೂ ಕೂರುವುದಿಲ್ಲ, ತೂಕ ಮಾತ್ರ ಹಿಂದಿನ ಎರಡಕ್ಕಿಂತ ಜಾಸ್ತಿ. ಹೆಸರಿಗೇ ಕಷ್ಟವಾಯಿತು. ನರಿಯ ಹೆಸರು ಆಗಲೇ ಬೇರೆ ಕೇಂದ್ರದ ಗಾಡಿಯ ಪಾಲಾಗಿತ್ತು. ತೋಳ ಎಂದರೆ ಕುರಿ ಸಾಕುವವರ ಸಂಘ ಪ್ರತಿಭಟನೆ ಮಾಡುತ್ತೇವೆ ಎಂದಿತು. ಕರಡಿ ಬರ್ಲಿನ್‌ನವರ ಲಾಂಛನ. ಎಷ್ಟೋ ಸಭೆಗಳಾದ ಮೇಲೆ ವಿಭಾಗ ಈ ಪ್ರಕಟಣೆ ಹೊರಡಿಸಿತು:

"ಹೊಸ ವಾಹನವನ್ನು ಇನ್ನು ಮುಂದೆ ಮುಳ್ಳಿಲಿ ಎಂದು ಕರೆಯತಕ್ಕದ್ದು. ಮುಳ್ಳಿಲಿಯು ಹಿಂಸ್ರಪಶುವಲ್ಲ ಎಂಬ ಆಕ್ಷೇಪಣೆಯನ್ನು ಪರಿಶೀಲಿಸಲಾಗಿದೆ. ಎರೆಹುಳುವಿನ ದೃಷ್ಟಿಯಿಂದ ಅದು ಹಿಂಸ್ರಪಶುವೇ ಆಗಿರುತ್ತದೆ."

ಅಷ್ಟರಲ್ಲಿ ಆಗಿನ ರಾಜಧಾನಿ ಬಾನ್‌ನಿಂದ ರಕ್ಷಣಾ ಇಲಾಖೆಯ ಕಾರ್ಯದರ್ಶಿಗಳು ಬರುತ್ತಾರೆಂದು ಫೋನ್ ಬಂತು. ತಾವು ದುಡ್ಡು ಮಂಜೂರು ಮಾಡಿದ ಮೂರೂ ಗಾಡಿಗಳು ಓಡುವುದನ್ನು ಅವರು ಕಣ್ಣಾರೆ ನೋಡಬೇಕಂತೆ. ಬೇರೆ ಯಾರಾದರೂ ಆಗಿದ್ದರೆ ಬೆವರುತ್ತಿದ್ದರು. ಫ್ರೌ ಡಾಕ್ಟರ್ ಒಂದು ಕ್ರೇನ್ ತರಿಸಿದರು.

ಮೊದಲು ಕಾಡುಬೆಕ್ಕು ವೇದಿಕೆಯ ಮುಂದೆ ಹಾದು ಶೆಡ್ಡಿನ ಹಿಂದೆ ಹೋಯಿತು. ಕ್ರೇನ್ ಗೋಪುರ ಬದಲಿಸುವವರೆಗೆ ಅತಿಥಿಗಳಿಗೆ ಆಲೂಗಡ್ಡೆ ಸಲಾಡು, ಸಾಸೇಜು, ಬಿಯರು. ಆಮೇಲೆ ನೀರುನಾಯಿ ಹಾದುಹೋಯಿತು. ಮತ್ತೆ ಬಿಯರು.

"ಇಬ್ಬರು ಚಾಲಕರೂ ಅಣ್ಣತಮ್ಮಂದಿರಾ?" ಎಂದು ಕೇಳಿದರು ಕಾರ್ಯದರ್ಶಿಗಳು.

"ಒಂದೇ ರೀತಿ ತರಬೇತಿ ಸರ್," ಎಂದರು ಫ್ರೌ ಡಾಕ್ಟರ್.

ಮೂರನೆಯ ಸುತ್ತಿಗೆ ಗಾಡಿ ದಿಬ್ಬದ ಮೇಲಿಂದ ಇಳಿದು ವೇದಿಕೆಯ ಮುಂದೆ ನಿಲ್ಲಬೇಕಿತ್ತು. ಶೆಡ್ಡಿನ ಹಿಂದೆ ಆ ಭಾರದ ಗೋಪುರ ಕೂತ ಕೂಡಲೇ ಗಾಡಿ ಮೊಣಕಾಲು ಮಡಚಿದಂತೆ ಕುಸಿಯಿತು. ಹೆನ್ನಿಂಗ್ ಕೆಳಗಿಳಿದು ಕೈಮುಗಿಯುವುದೊಂದು ಬಾಕಿ.

"ಬೇಡ ಫ್ರೌ ಡಾಕ್ಟರ್. ಈ ತೂಕಕ್ಕೆ ನಿಲ್ಲಲ್ಲ ಇದು. ಜನ ಸಾಯ್ತಾರೆ. ನಾನೂ ಸಾಯ್ತೀನಿ!"

"ಹೆರ್ ಬ್ರುಕ್‌ಮಾನ್, ಮುಳ್ಳಿಲಿ ಹುಟ್ಟಿದ್ದೇ ಇವತ್ತು. ಹುಟ್ಟಿದ ದಿನವೇ ಅದರ ಮೇಲೆ ಅಪವಾದ ಹೊರಿಸ್ತೀರಲ್ಲ, ನಿಮಗೆ ಮನಸ್ಸಾದರೂ ಹೇಗೆ ಬರುತ್ತೆ?"

ಹೋಗದಿದ್ದರೆ ಕೆಲಸ ಹೋಗುತ್ತದೆ. ಹೆನ್ನಿಂಗ್ ಗಾಡಿ ಹತ್ತಿದ. ದಿಬ್ಬ ಇಳಿಯುವಾಗ ಅರ್ಧದಲ್ಲಿ ಬ್ರೇಕ್ ತುಳಿದ. ಪೆಡಲು ಹಿಟ್ಟಿನೊಳಗೆ ಇಳಿದಂತೆ ಇಳಿದುಹೋಯಿತು. ಎದುರಿಗೆ ವೇದಿಕೆ, ವೇದಿಕೆಯ ಮೇಲೆ ಬಾಯಲ್ಲಿ ಸಾಸೇಜು ಇಟ್ಟುಕೊಂಡ ಕಾರ್ಯದರ್ಶಿಗಳು. ಅಯ್ಯೋ ದೇವರೇ ಎಂದು ಕೂಗಿ ಸ್ಟೀರಿಂಗನ್ನು ಇದ್ದಬದ್ದ ಬಲದಿಂದ ಪಕ್ಕಕ್ಕೆ ತಿರುಗಿಸಿದ. ಗಾಡಿ ನೇರ ಹೋಗಿ ನಾಮಕರಣ ವಿಭಾಗದ ಗೋಡೆಗೆ ಗುದ್ದಿತು. ಗೋಪುರ ಕಳಚಿ ಹುಲ್ಲಿನ ಮೇಲೆ ಬಿತ್ತು. ಹೆನ್ನಿಂಗ್‌ನ ಬಲಗಾಲು ಎರಡು ಕಡೆ ಮುರಿಯಿತು.

ಕಾರ್ಯದರ್ಶಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗೋಡೆ ಒಡೆಯುವ ಶಕ್ತಿಯೂ ಇದೆಯೆಂದು ತಮಗೆ ಯಾರೂ ಹೇಳಿರಲಿಲ್ಲ ಎಂದರು.

ತನಿಖೆ ಮಾತ್ರ ಕಟ್ಟುನಿಟ್ಟಾಗಿ ನಡೆಯಿತು. ಗುದ್ದಿದ ಕ್ಷಣದಲ್ಲಿ ಗೋಪುರ ಕಳಚಿದೆ, ಗೋಪುರವಿಲ್ಲದ್ದಕ್ಕೆ ಹೆಸರಿಲ್ಲ, ಹೆಸರಿಲ್ಲದ್ದು ವಾಹನವಲ್ಲ. ಆದ್ದರಿಂದ ಗೋಡೆಗೆ ಯಾವ ವಾಹನವೂ ಗುದ್ದಿಲ್ಲ, ಹಳೆಯ ಗೋಡೆ ತಾನಾಗಿ ಒಳಕ್ಕೆ ವಾಲಿದೆ ಎಂದು ಸಮಿತಿ ಒಮ್ಮತದಿಂದ ತೀರ್ಮಾನಿಸಿತು.

ಫ್ರೌ ಡಾಕ್ಟರ್ ಹೂಗುಚ್ಛ ಹಿಡಿದು ಆಸ್ಪತ್ರೆಗೆ ಬಂದರು.

"ಹಾಗಾದ್ರೆ ನನ್ನ ಕಾಲು?" ಎಂದು ಹೆನ್ನಿಂಗ್ ಹಾಸಿಗೆಯಿಂದಲೇ ಅರಚಿದ. "ಇದೂ ತಾನಾಗಿ ವಾಲಿದ್ದಾ? ಇನ್ನು ಜೀವಮಾನ ಪೂರ್ತಿ ಊರುಗೋಲು ಅಂದಿದ್ದಾರೆ ಡಾಕ್ಟ್ರು! ನಾನು ಕೊಟ್ಟ ದೂರೆಲ್ಲಾ ಏನಾದವು?"

"ಆ ದೂರು ಕೊಟ್ಟದ್ದು ಎರಡು ಕಾಲಿನ ಬ್ರುಕ್‌ಮಾನ್," ಎಂದರು ಆಕೆ ಶಾಂತವಾಗಿ. "ಅವರು ಈಗ ನಮ್ಮಲ್ಲಿ ಇಲ್ಲ. ನೀವು ಊರುಗೋಲಿನ ಮಾದರಿ. ನಿಯಮವನ್ನ ಚಾಲಕರಿಗೂ ವಿಸ್ತರಿಸಿದ್ದೀವಿ. ಸೋಮವಾರ ಹೊಸದಾಗಿ ಕೆಲಸಕ್ಕೆ ಸೇರಬಹುದು. ಆರು ತಿಂಗಳು ಪರೀಕ್ಷಾವಧಿ. ಅದರಲ್ಲಿ ದೂರು ಕೊಡೋ ಹಾಗಿಲ್ಲ."

"ಥೂ, ನಿಮ್ಮ ನಿಯಮಕ್ಕಿಷ್ಟು! ಸೇರದಿದ್ರೆ?"

"ಸೇರದವರಿಗೆ ಸಂಬಳ ಕೊಡೋಕೆ ಬರಲ್ಲವಲ್ಲ, ಹೆರ್ ಬ್ರುಕ್‌ಮಾನ್."

ಹೆನ್ನಿಂಗ್ ಗೋಡೆಯ ಕಡೆಗೆ ಮುಖ ತಿರುಗಿಸಿದ. ಸಿಟ್ಟಿನಿಂದ ಕಣ್ಣಲ್ಲಿ ನೀರು ಬಂತು. ಆಮೇಲೆ ನರ್ಸನ್ನು ಕರೆದು, ಊರಲ್ಲಿ ಒಳ್ಳೆಯ ಬೇಕರಿ ಯಾವುದೆಂದು ಕೇಳಿದ.

ಸೋಮವಾರ ಅವನು ಊರುಗೋಲು ಊರಿಕೊಂಡು, ಇನ್ನೊಂದು ಕೈಯಲ್ಲಿ ಪ್ಲಮ್ ಹಣ್ಣಿನ ಕೇಕ್ ಹಿಡಿದು ವರ್ಕ್‌ಶಾಪಿಗೆ ಬಂದ. ಹೊಸ ಗೋಪುರ ಹೊತ್ತ ಗಾಡಿ ಬಾಗಿಲಲ್ಲೇ ನಿಂತಿತ್ತು, ಅದರಡಿ ನೆಲದ ಮೇಲೆ ಎಣ್ಣೆ ಹರಡಿತ್ತು. ಐಕೆ ಕೈ ಒರೆಸಿಕೊಂಡು ಎದ್ದು ನಿಂತ. ಹೊಸಬರನ್ನು ಏಕವಚನದಲ್ಲಿ ಮಾತಾಡಿಸುವುದು ನಮ್ಮಲ್ಲಿ ಸಭ್ಯತೆಯಲ್ಲ.

"ನಮಸ್ಕಾರ, ನಾನು ಐಕೆ. ತಾವು ಹೊಸಬರಲ್ವಾ? ಬನ್ನಿ, ಕೂತ್ಕೊಳ್ಳಿ."

ಹೆನ್ನಿಂಗ್ ಅವನ ಮುಖವನ್ನೇ ನೋಡಿದ. ಐಕೆ ಕಣ್ಣು ತಪ್ಪಿಸಿ ಕೇಕ್ ಕತ್ತರಿಸತೊಡಗಿದ. ಎಲ್ಲರೂ ತಟ್ಟೆ ಹಿಡಿದು ಸುತ್ತ ಸೇರಿದರು.

"ಕೇಕ್ ಚೆನ್ನಾಗಿದೆ," ಎಂದ ಐಕೆ ಬಾಯಿ ತುಂಬಿಕೊಂಡು. "ನಿಮಗಿಂತ ಮೊದಲು ಇದ್ದವನು ಒಂದು ಬ್ರೆಡ್ಡಿನ ತುಂಡೂ ತಂದವನಲ್ಲ. ಬೆಳಗಾದ್ರೆ ಬ್ರೇಕು ಬ್ರೇಕು ಅಂತ ನಮ್ಮ ತಲೆ ತಿಂತಿದ್ದ."

ಹೆನ್ನಿಂಗ್ ಊರುಗೋಲನ್ನು ಗಾಡಿಗೆ ಒರಗಿಸಿ, ತನಗೂ ಒಂದು ತುಂಡು ತೆಗೆದುಕೊಂಡ.

"ಹೌದಾ?" ಎಂದ. "ಪಾಪ, ಏನಾಗಿತ್ತಂತೆ ಅವರಿಗೆ?"