ಮೊಳೆ ಹೊಡೆಯಬಾರದ ಮನೆ

ನಮ್ಮ ಮನೆ ಗೋಡೆಗೆ ಒಂದು ಮೊಳೆ ಹೊಡೆಯೋ ಹಾಗಿಲ್ಲ. ಮದುವೆಯಾಗಿ ಈ ಬಾಡಿಗೆ ಮನೆಗೆ ಕಾಲಿಟ್ಟಾಗಿನಿಂದ ನಮ್ಮ ಸಂಸಾರಕ್ಕೆ ಇದೊಂದೇ ದುಃಖ. (ಬೇರೆವೂ ಇವೆ. ಆದ್ರೆ ಇದನ್ನ ನನ್ನ ಹೆಂಡತಿನೂ ಓದ್ತಾಳೆ.)

ಮನೆ ಮಾಲೀಕ ಯಾರು ಅಂತ ನಮಗೆ ಗೊತ್ತಿರಲಿಲ್ಲ. ತಿಂಗಳಿಗೊಂದು ಸಲ ಅವರ ಕಡೆಯಿಂದ ಒಬ್ಬ ಮುದುಕಪ್ಪ ಬರ್ತಾರೆ. ಬಾಡಿಗೆ ಆಮೇಲೆ ಕೇಳ್ತಾರೆ, ಮೊದಲು ಗೋಡೆ ಸವರ್ತಾರೆ. ಜ್ವರ ಬಂದ ಮಗು ಹಣೆ ಮುಟ್ಟಿದ ಹಾಗೆ ಒಂದೊಂದು ಗೋಡೆನೂ ಮುಟ್ಟಿ, "ಮೊಳೆ ಇಲ್ಲ ತಾನೇ?" ಅಂತಾರೆ. ಬೀದಿಯಲ್ಲೆಲ್ಲಾ ಅವರಿಗೆ ಮೊಳೆ ಮಾವ ಅಂತಾನೇ ಹೆಸರು.

"ಮಾಲೀಕರು ಯಾರು ಮಾವ?" ಅಂತ ಕೇಳಿದ್ರೆ, "ದೊಡ್ಡವರು" ಅಂತಾರೆ. ಅಷ್ಟೇ.

ನಾನೂ ಜಾಸ್ತಿ ಕೇಳೋನಲ್ಲ. ನನಗೆ ಮಾತು ಬರಲ್ಲ, ಸಾಮಾನು ಎತ್ತೋದು ಬರುತ್ತೆ. ಮನೆ ಬದಲಾಯಿಸೋರ ಬೀರು, ಮಂಚ, ಸೋಫಾ ಎಲ್ಲಾ ನನ್ನ ಟೆಂಪೋದಲ್ಲಿ ಸಾಗಿಸ್ತೀನಿ. ಬಾಗಿಲು ನೋಡಿದ್ರೆ ಸಾಕು, ಅದರೊಳಗೆ ಯಾವ ಬೀರು ಹೋಗುತ್ತೆ, ಯಾವುದು ಹೋಗಲ್ಲ ಅಂತ ಹೇಳಿಬಿಡ್ತೀನಿ. ಮನುಷ್ಯರನ್ನ ನೋಡಿ ಹೇಳೋಕೆ ಮಾತ್ರ ಬರಲ್ಲ.

ಮೊಳೆ ಬೇಕಾಗಿದ್ದು ನನಗಲ್ಲ, ಇವಳಿಗೆ. ಗುಡುಗಣ್ಣನ ಫೋಟೋ ತಗಲಿ ಹಾಕೋಕೆ.

ಗುಡುಗಣ್ಣ ಅಂದ್ರೆ ಸಿನಿಮಾ ಹೀರೋ. ತೆರೆ ಮೇಲೆ ಅವರು "ಲೇ!" ಅಂತ ಒಂದು ಸಲ ಅಂದ್ರೆ ಕಳ್ಳರು ಕೆಳಗೆ, ಕುರ್ಚಿ ಅವರ ಮೇಲೆ. ಈಗ ವಯಸ್ಸಾಗಿದೆ, ಸಿನಿಮಾ ಇಲ್ಲ. ಆದ್ರೆ ನಮ್ಮ ಮನೇಲಿ ಅವರ ಆಡಳಿತ ಇನ್ನೂ ನಡೀತಿದೆ. ನಾನು ಟವೆಲ್ ಒದ್ದೆ ಮಾಡಿ ಮಂಚದ ಮೇಲೆ ಬಿಟ್ಟರೆ, "ಗುಡುಗಣ್ಣ ಹಿಂಗೆ ಮಾಡ್ತಾರಾ?" ಅಂತಾಳೆ. ಅವರ ಮನೇಲಿ ಟವೆಲ್ ಎಲ್ಲಿ ಬಿದ್ದಿರುತ್ತೋ ಇವಳಿಗೆ ಹೇಗೆ ಗೊತ್ತು? ಕೇಳಿಲ್ಲ. ಕೇಳೋ ಧೈರ್ಯ ಇದ್ದಿದ್ರೆ ಟವೆಲ್ ನಾನೇ ಒಣಗ್ಹಾಕ್ತಿರಲಿಲ್ಲ.

ಮೊಳೆ ಇಲ್ಲದೆ ಆ ಫೋಟೋನ ಮೈದಾ ಅಂಟಲ್ಲಿ ಗೋಡೆಗೆ ಅಂಟಿಸಿದ್ಲು. ಅಂಟಿನ ರುಚಿಗೆ ಜಿರಳೆ ಬಂದು ಗುಡುಗಣ್ಣನ ಮೀಸೆ ಒಂದು ಕಡೆ ಪೂರ್ತಿ ತಿಂದು ಹಾಕಿತು. ಅವತ್ತಿನಿಂದ ಇವಳು ಬೆಳಗ್ಗೆ ಎದ್ದು ಫೋಟೋ ನೋಡ್ತಾಳೆ, "ಅಯ್ಯೋ ಅಣ್ಣಾ" ಅಂತಾಳೆ, ಆಮೇಲೆ ಮಾಲೀಕನಿಗೆ ಹಿಡಿಶಾಪ ಹಾಕ್ತಾಳೆ. "ಆ ಕಲ್ಲು ಮನಸ್ಸಿನೋನಿಗೆ ನಿಲ್ಲೋಕೆ ನೆರಳು ಸಿಗದೇ ಹೋಗ್ಲಿ!"

ಈ ಶಾಪ ನೆನಪಿಟ್ಕೊಳ್ಳಿ.

ಒಂದು ದಿನ ಇವಳು ಕೈಯಲ್ಲಿ ಸೌಟು ಹಿಡ್ಕೊಂಡೇ ಓಡಿಬಂದ್ಲು.

"ರೀ, ಗುಡುಗಣ್ಣ ಬೀದಿಗೆ ಬರ್ತಾರಂತೆ!"

"ನಮ್ಮ ಬೀದಿಗಾ? ಯಾವಾಗ?"

"ನಿಮ್ಮ ತಲೆ! ಮನೆ ಕಳ್ಕೊಂಡು ಬೀದಿಗೆ ಬರ್ತಾರಂತೆ. ದಾಯಾದಿಗಳು ಬಂಗಲೆ ಮೇಲೆ ಕೇಸು ಹಾಕಿದಾರಂತೆ. ಟೀವೀಲಿ ಹೇಳಿದ್ರು. ನೀವು ನೋಡಿದ್ರೆ ಬಾಯಿ ತುಂಬ ಬ್ರೆಡ್ಡು ತುಂಬ್ಕೊಂಡು ಕೂತಿದೀರಲ್ಲ!"

ಬ್ರೆಡ್ಡು ಕೆಳಗಿಟ್ಟೆ. ಮನೆ ಖಾಲಿ ಮಾಡೋರ ಮುಖ ನಾನು ನೋಡಿದಷ್ಟು ಯಾರೂ ನೋಡಿಲ್ಲ. ಎಲ್ಲಾ ಸಾಮಾನು ಏರಿದ ಮೇಲೂ ಒಂದು ಸಲ ಒಳಗೆ ಹೋಗಿ ಬರ್ತಾರೆ. ಏನೂ ಇರಲ್ಲ ಅಲ್ಲಿ. ಆದ್ರೂ ಹೋಗ್ತಾರೆ.

"ಬಿಡಬಾರದು," ಅಂದೆ.

"ಏನಂದ್ರಿ?"

"ಬಿಡಬಾರದು ಅಂದೆ."

ಇಷ್ಟು ವರ್ಷಕ್ಕೆ ಮೊದಲ ಸಲ ಇವಳು ನನ್ನನ್ನ ಗಂಡಸು ಅಂತ ನೋಡಿದ್ಲು.

ಅಭಿಮಾನಿ ಸಂಘ ಬಂಗಲೆ ಗೇಟಿನ ಮುಂದೆ ಕೂತ್ಕೊಂಡಿತು. ಕಟಿಂಗ್ ಶಾಪಿನವನೇ ಸಂಘದ ಅಧ್ಯಕ್ಷ. ಅಂಗಡಿಯಲ್ಲಿ ಒಬ್ಬನ ಅರ್ಧ ಗಡ್ಡ ಹಾಗೇ ಬಿಟ್ಟು ಬಂದಿದ್ದ. ಆ ಅರ್ಧ ಗಡ್ಡದೋನೂ ಬಂದು ನಮ್ಮ ಜೊತೆನೇ ಕೂತಿದ್ದ, ಹೋರಾಟ ಮುಗಿದ ಮೇಲೆ ಉಳಿದರ್ಧ ಮಾಡಿಸ್ಕೊಳ್ಳೋಣ ಅಂತ. ಬಿಸಿಲು ಸುಡ್ತಿತ್ತು. ಗುಡುಗಣ್ಣ ಮಹಡಿ ಕಿಟಕಿ ಪರದೆ ಸರಿಸಿ ಒಂದು ಸಲ ಕೈ ಮುಗಿದ್ರು. ಇವಳು ಅತ್ತುಬಿಟ್ಲು.

ಅಧ್ಯಕ್ಷ ಎಲ್ಲರಿಗೂ ಮೈಕು ಕೊಟ್ಟ. ಕೊನೆಗೆ ನನ್ನ ಮೂಗಿನ ಕೆಳಗೂ ಹಿಡಿದ. "ನೀನೂ ಎರಡು ಮಾತಾಡಪ್ಪಾ."

ಇವಳು ಪಕ್ಕದಿಂದ ಚಿವುಟಿದ್ಲು. ಬಾಯಿಂದ ಹೀಗೆ ಬಂತು:

"ಅವರವರ ಮನೇಲಿ ಅವರವರೇ ಇರ್ಬೇಕು. ಅಷ್ಟೇ."

ಶಿಳ್ಳೆ ಅಂದ್ರೆ ಶಿಳ್ಳೆ! ಅಧ್ಯಕ್ಷ ನನ್ನನ್ನ ಎತ್ತಿ ಕುಣಿಸೋಕೆ ನೋಡಿದ, ಆಗಲಿಲ್ಲ. (ಎತ್ತೋ ಕೆಲಸ ನನ್ನದು.) ಮಾರನೇ ದಿನ ಎಲ್ಲಾ ಬೋರ್ಡಿನ ಮೇಲೂ ನನ್ನ ಮಾತೇ. ಅವರವರ ಮನೇಲಿ ಅವರವರೇ ಇರ್ಬೇಕು. ಶಾಲೆ ಅರ್ಧಕ್ಕೆ ಬಿಟ್ಟ ನಾನು ಘೋಷವಾಕ್ಯ ಪ್ರದಾತ ಆಗಿಬಿಟ್ಟೆ.

ಇವಳು ಸುಮ್ನಿರ್ತಾಳಾ? ಮೈಕು ಕಿತ್ಕೊಂಡು ಕೂಗಿದ್ಲು. "ಅಣ್ಣನ ಮನೆಯ ಒಂದು ಚಮಚಾನೂ ಹೊರಗೆ ಬರಬಾರದು! ಬಂದ್ರೆ ಬೇರೆ ಯಾರೂ ಮುಟ್ಟಬಾರದು! ನಮ್ಮ ಯಜಮಾನ್ರೇ ಎತ್ತಿ, ಅಣ್ಣ ಹೇಳಿದ ಕಡೆ ಇಳಿಸ್ತಾರೆ! ಪುಕ್ಕಟೆ!"

ಪುಕ್ಕಟೆ ಅಂದಾಗ ಚಪ್ಪಾಳೆ ನನ್ನ ಮಾತಿಗಿಂತ ಜೋರಾಗಿ ಬಂತು.

ಇಂಥಾ ಸಮಯದಲ್ಲೇ ಮೊಳೆ ಮಾವ ಬಂದ್ರು. ತಿಂಗಳು ಇನ್ನೂ ಆಗಿರಲಿಲ್ಲ. ಗೋಡೆನೂ ಮುಟ್ಟಲಿಲ್ಲ.

"ಮನೆ ಖಾಲಿ ಮಾಡ್ಬೇಕಾಗುತ್ತೇನೋಪ್ಪ. ಮಾಲೀಕರಿಗೇ ಬೇಕಂತೆ. ವಿಷಯ ಇತ್ಯರ್ಥ ಆದ ದಿನ ಅವರೇ ಬರ್ತಾರೆ."

ಇವಳ ಕೈಲಿದ್ದ ತಟ್ಟೆ ನೆಲಕ್ಕೆ ಬಿತ್ತು. ಬಿತ್ತೋ, ಎಸೆದ್ಲೋ.

"ಯಾಕೆ ಮಾವ? ನಾವೇನು ಮೊಳೆ ಹೊಡೆದ್ವಾ?"

"ಇಲ್ಲಮ್ಮ."

"ಮತ್ತೆ? ಅಲ್ಲಿ ನಮ್ಮ ಗುಡುಗಣ್ಣನ ಮನೆ ಹೋಗ್ತಿದೆ, ಇಲ್ಲಿ ಈ ಕಟುಕ ನಮ್ಮ ಮನೆ ಕಿತ್ಕೊಳ್ಳೋಕೆ ಬರ್ತಾನಾ? ಬರ್ಲಿ! ಹೊಸಿಲು ದಾಟಿದ್ರೆ ನನ್ನ ಹೆಸರು ಬದಲಾಯಿಸಿ!"

ಮೊಳೆ ಮಾವ ಏನೋ ಹೇಳೋಕೆ ಬಾಯಿ ತೆಗೆದ್ರು, ಇವಳ ಮುಖ ನೋಡಿ ಮುಚ್ಕೊಂಡ್ರು. ಅವರು ಅವತ್ತು ಬಾಯಿ ಬಿಟ್ಟಿದ್ರೆ ಈ ಕಥೆನೇ ಇರ್ತಿರಲಿಲ್ಲ.

ಈ ಮನೆ ಬಿಟ್ಟು ಎಲ್ಲಿಗೆ ಹೋಗೋದು? ಅಡುಗೆಮನೆ ನಲ್ಲಿ ಹೇಗೆ ತಿರುಗಿಸಿದ್ರೆ ನಿಲ್ಲುತ್ತೆ ಅಂತ ಇಡೀ ಲೋಕದಲ್ಲಿ ನಮ್ಮಿಬ್ಬರಿಗೇ ಗೊತ್ತು. ಸಂಘದ ಅಧ್ಯಕ್ಷ ಎದೆ ತಟ್ಟಿದ. "ನಿಮಗೂ ನಾವಿದೀವಿ. ಇನ್ನೊಂದು ಬೋರ್ಡ್ ಬರೆಸ್ತೀನಿ!" ಬರೆಸಿದ. ಕಲ್ಲು ಮನಸ್ಸಿನ ಮಾಲೀಕನಿಗೆ ಧಿಕ್ಕಾರ.

ತೀರ್ಪಿನ ದಿನ ಬಂತು. ನಮ್ಮ ಮಾಲೀಕ ಯಾವ ದಿನ ಬರ್ತಾನೋ ಗೊತ್ತಿರಲಿಲ್ಲ, ಅದಕ್ಕೆ ನಾವಿಬ್ಬರೂ ಕೆಲಸ ಹಂಚ್ಕೊಂಡ್ವಿ. ನಾನು ಗುಡುಗಣ್ಣನ ಬಂಗಲೆ ಕಾಯೋದು, ಇವಳು ನಮ್ಮ ಮನೆ ಕಾಯೋದು. ಹೊರಡೋ ಮುಂಚೆ ಇವಳಿಗೊಂದು ಉಪಾಯ ಹೇಳಿಕೊಟ್ಟೆ. ನಮ್ಮ ಕಬ್ಬಿಣದ ಬೀರು ಕೆಳಗೆ ಒದ್ದೆ ಗೋಣಿಚೀಲ ಹಾಸಿದ್ರೆ ಒಬ್ಬಳೇ ತಳ್ಳಬಹುದು. ಬಾಗಿಲಿಗೆ ಒತ್ತಿ ನಿಲ್ಲಿಸಿ, ಚೀಲ ಎಳೆದುಬಿಟ್ರೆ ಆನೆ ಬಂದ್ರೂ ಬಾಗಿಲು ತೆಗೆಯೋಕಾಗಲ್ಲ. ನನ್ನ ಇಡೀ ಕಸುಬಿನ ಸಾರ ಅದು.

ಬಂಗಲೆ ಹೋಯ್ತು. ದಾಯಾದಿಗಳಿಗೇ ಅಂತ ತೀರ್ಪು.

ನಾವು ಕೂಗಿದ್ವಿ, ಗೇಟಿಗೆ ಅಡ್ಡ ಮಲಗಿದ್ವಿ. ಅರ್ಧ ಗಡ್ಡದೋನು ಗೇಟು ತಬ್ಕೊಂಡು ಬಿಡಲೇ ಇಲ್ಲ. ಆಗ ಗುಡುಗಣ್ಣನೇ ಹೊರಗೆ ಬಂದ್ರು. ಹತ್ತಿರದಿಂದ ನೋಡಿದ್ರೆ ನನ್ನ ಭುಜದಷ್ಟೇ ಎತ್ತರ. ಬಾಯಿ ಬಿಟ್ಟರು. ದನಿ ಸೊಳ್ಳೆ ಹಾರಿದ ಹಾಗಿತ್ತು.

"ಏಳ್ರಪ್ಪಾ. ಸಾಕು. ಟೆಂಪೋದವರು ಯಾರು?"

ಸಿನಿಮಾದಲ್ಲಿ ಕೇಳ್ತಿದ್ದ ಆ ಗುಡುಗು ಬೇರೆ ಯಾರದೋ ಬಾಡಿಗೆ ದನಿ ಅಂತ ಅವತ್ತೇ ಗೊತ್ತಾಗಿದ್ದು. ಇವಳಿಗೆ ಹೇಳೋದು ಹೇಗೆ ಅಂತ ಯೋಚನೆ ಬಂತು. ಯೋಚನೆ ಪಕ್ಕಕ್ಕಿಟ್ಟು ಸಾಮಾನು ಎತ್ತಿದೆ. ಒಂದು ಮಂಚ, ಒಂದು ದೊಡ್ಡ ಸೋಫಾ, ಟ್ರಂಕುಗಳು. ಎಲ್ಲಾ ಏರಿಸಿದ ಮೇಲೆ ಗುಡುಗಣ್ಣ ಒಂದು ಸಲ ಒಳಗೆ ಹೋಗಿ ಬಂದ್ರು. ನಾನು ಬೇರೆ ಕಡೆ ನೋಡಿದೆ.

"ಎಲ್ಲಿಗಣ್ಣಾ?"

"ಒಂದು ಚಿಕ್ಕ ಮನೆ ಇದೆ. ದಾರಿ ಹೇಳ್ತೀನಿ ನಡಿ."

ಹೊರಟ್ವಿ. ಹಿಂದೆ ಸಂಘದೋರೆಲ್ಲಾ ಬೋರ್ಡು ಹಿಡ್ಕೊಂಡು ಸೈಕಲ್ಲು, ಸ್ಕೂಟರಲ್ಲಿ. ನೀರಿನ ಟ್ಯಾಂಕ್ ಹತ್ರ ಎಡಕ್ಕೆ ಅಂದ್ರು. ಅದು ನಮ್ಮ ಮನೆ ಕಡೆ ದಾರಿ. ಹಾಲಿನ ಅಂಗಡಿ ದಾಟಿ ಬಲಕ್ಕೆ ಅಂದ್ರು. ನಮ್ಮ ಬೀದಿ! ನನ್ನ ಎದೆ ಉಬ್ಬಿತು. ನನ್ನ ಮಾತು ಕೇಳಿ ಮೆಚ್ಕೊಂಡಿದಾರೆ, ಹೋಗೋ ದಾರೀಲಿ ನಮ್ಮ ಮನೆಗೆ ಬಂದು ಇವಳ ಕೈಯಲ್ಲಿ ಒಂದು ಲೋಟ ಟೀ ಕುಡಿದು ಹೋಗ್ತಾರೆ ಅಂತಾನೇ ಅಂದ್ಕೊಂಡೆ.

"ಇಲ್ಲೇ ನಿಲ್ಸು," ಅಂದ್ರು ನಮ್ಮ ಬಾಗಿಲ ಮುಂದೆ.

"ಅಣ್ಣಾ, ನಮ್ಮ ಭಾಗ್ಯ ಅಣ್ಣಾ! ಹೇಗೆ ಗೊತ್ತಾಯ್ತು ನಮ್ಮ ಮನೆ?"

ಗುಡುಗಣ್ಣ ನನ್ನ ಮುಖ ನೋಡಿದ್ರು. ಬಾಗಿಲ ಪಕ್ಕ ಕಾಯ್ತಾ ಕೂತಿದ್ದ ಮೊಳೆ ಮಾವ ಎದ್ದು ಬಂದು, ಅವರಿಗೆ ಕೈ ಮುಗಿದು, ನನ್ನ ಕಿವೀಲಿ ಹೇಳಿದ್ರು. "ಇವರೇ ಕಣಪ್ಪಾ ದೊಡ್ಡವರು."

ಬೀರು ಮೈ ಮೇಲೆ ಬಿದ್ದಾಗ ಹೇಗಾಗುತ್ತೆ ನನಗೆ ಗೊತ್ತು. ಹಾಗಾಯ್ತು.

ಗುಡುಗಣ್ಣ ಬಾಗಿಲು ತಟ್ಟಿದ್ರು. ಒಳಗಿಂದ ಇವಳು, "ಯಾರದು?"

"ನಾನಮ್ಮ. ಮಾಲೀಕ." ಸೊಳ್ಳೆ ದನಿ.

"ಓಹೋ, ಬಂದ್ಯಾ! ಬಾಯಲ್ಲಿ ದನಿ ಇಲ್ಲ, ಮನೆ ಬೇಕಂತೆ ಮನೆ! ಬೀರು ಅಡ್ಡ ಇಟ್ಟಿದೀನಿ, ತಾಕತ್ತಿದ್ರೆ ತಳ್ಳು! ನಮ್ಮ ಗುಡುಗಣ್ಣ ಇಲ್ಲಿರ್ಬೇಕಿತ್ತು, ಒಂದು 'ಲೇ' ಅಂದಿದ್ರೆ ನೀನು ಚರಂಡೀಲಿ ಇರ್ತಿದ್ದೆ!"

ಗುಡುಗಣ್ಣ ತಲೆ ತಗ್ಗಿಸಿದ್ರು. ನಾನು "ಲೇ, ಲೇ, ಸುಮ್ನಿರೇ" ಅಂತ ಕೂಗಿದೆ. ಇವಳಿಗೆ ಕೇಳಿಸ್ತಾ? ಹಿಂದಿನಿಂದ ಸಂಘದೋರು ಬಂದು ಸೇರಿದ್ರು. ಅಧ್ಯಕ್ಷನಿಗೆ ವಿಷಯ ತಿಳೀತು. ಅವನ ಬಲಗೈಲಿ ಅವರವರ ಮನೇಲಿ ಅವರವರೇ ಇರ್ಬೇಕು, ಎಡಗೈಲಿ ಕಲ್ಲು ಮನಸ್ಸಿನ ಮಾಲೀಕನಿಗೆ ಧಿಕ್ಕಾರ. ಎರಡನ್ನೂ ಒಂದು ಸಲ ನೋಡಿದ. ಎಡಗೈದನ್ನ ಮೆಲ್ಲಗೆ ನನ್ನ ಟೆಂಪೋ ಕೆಳಗೆ ತಳ್ಳಿದ.

ನಾನು ಹಿತ್ತಲ ಕಿಟಕಿಯಿಂದ ಒಳಗೆ ಇಳಿದು, ನಾನೇ ಹೇಳಿಕೊಟ್ಟ ಉಪಾಯವನ್ನ ನಾನೇ ಬಿಡಿಸೋ ಹೊತ್ತಿಗೆ ಬೆನ್ನು ಅರ್ಧ ಹೋಯ್ತು. ಯಾರು ಅಂತ ನೀನೇ ನೋಡು ಅಂದೆ. ಬಾಗಿಲು ತೆಗೀತು. ಇವಳು ಸೌಟು ಎತ್ತಿ ನಿಂತಿದ್ಲು. ಎದುರಿಗೆ ಗುಡುಗಣ್ಣ.

ಸೌಟು ಮೇಲೇ ನಿಂತಿತು. ಇವಳು ಕಾಲಿಗೆ ಬೀಳ್ತಾಳೆ, ಇಲ್ಲಾಂದ್ರೆ ಪ್ರಜ್ಞೆ ತಪ್ತಾಳೆ ಅಂದ್ಕೊಂಡೆ. ನನ್ನ ಹೆಂಡತಿ ಎರಡೂ ಮಾಡಲಿಲ್ಲ.

"ಅಣ್ಣಾ, ನೀವೇನಾ ಮಾಲೀಕರು?"

"ಹೌದಮ್ಮ."

"ಹಾಗಾದ್ರೆ ಮೊದಲು ಒಂದು ಹೇಳಿ. ಮೊಳೆ ಯಾಕೆ ಬೇಡ?"

"ಅದು... ಗೋಡೆ ಹಾಳಾಗುತ್ತೆ ಅಂತ..."

ಇವಳು ಅವರ ಕೈ ಹಿಡ್ಕೊಂಡು ಒಳಗೆ ಕರ್ಕೊಂಡು ಹೋಗಿ ಗೋಡೆ ಮುಂದೆ ನಿಲ್ಲಿಸಿದ್ಲು. "ನೋಡಿ. ನಿಮ್ಮ ಗೋಡೆ ಚೆನ್ನಾಗಿದೆ. ನಿಮ್ಮ ಮೀಸೆ ಹೋಗಿದೆ."

ಗುಡುಗಣ್ಣ ಜಿರಳೆ ತಿಂದ ತಮ್ಮ ಮುಖ ನೋಡ್ತಾ ನಿಂತ್ರು. ಆಮೇಲೆ ಕೈಯಿಂದ ತಮ್ಮ ಮೀಸೆ ಮುಟ್ಟಿ ನೋಡ್ಕೊಂಡ್ರು.

"ಮನೆ ನಿಮ್ಮದು ಅಣ್ಣಾ," ಅಂದ್ಲು ಇವಳು. "ನಾವು ಬಿಟ್ಟು ಹೋಗಲ್ಲ. ಎರಡೂ ಸತ್ಯ. ಏನ್ಮಾಡ್ತೀರಾ ಮಾಡಿ."

ಸಿನಿಮಾದಲ್ಲಿ ಅಷ್ಟು ಜನರನ್ನ ಹೊಡೆದು ಹಾಕಿದ ಮನುಷ್ಯ ಇವಳ ಸೌಟಿನ ಮುಂದೆ ಏನ್ಮಾಡ್ತಾರೆ? "ನನಗೆ ಒಂದು ರೂಮು ಸಾಕಮ್ಮ," ಅಂದ್ರು.

ನಮ್ಮ ಮನೆ ಉಳೀತು. ಎಲ್ಲರೂ ಚಪ್ಪಾಳೆ ಹೊಡೆದ್ರು. ನಾನೂ ಹೊಡೆದೆ, ದಡ್ಡ. ನಮ್ಮ ಮನೇಲಿ ಇರೋದೇ ಎರಡು ರೂಮು ಅಂತ ಆಮೇಲೆ ನೆನಪಾಯ್ತು.

ಮುಂದಿನ ರೂಮು ಗುಡುಗಣ್ಣನಿಗೆ. ಅವರ ಸೋಫಾನ ನಾನೇ ಓರೆ ಮಾಡಿ, ಕಾಲು ಬಿಚ್ಚಿ ಒಳಗೆ ಸೇರಿಸಿದೆ. ಪುಕ್ಕಟೆ. ಅವರ ಟ್ರಂಕುಗಳು ಹಿಂದಿನ ರೂಮಲ್ಲಿ, ನನ್ನ ಮಂಚ ಇದ್ದ ಜಾಗದಲ್ಲಿ. ಟ್ರಂಕುಗಳ ಸಂದಿಯಲ್ಲಿ ಇವಳೊಬ್ಬಳ ಚಾಪೆ ಹಿಡಿಯುತ್ತೆ. ನನ್ನ ಮಂಚ ಎಲ್ಲಿ? ಟೆಂಪೋದಲ್ಲಿ. ಮಂಚದ ಮೇಲೆ ನಾನು. ಒದ್ದೆ ಟವೆಲ್ ಈಗ ಎಲ್ಲಿ ಬೇಕಾದ್ರೂ ಎಸೀತೀನಿ, ಕೇಳೋರಿಲ್ಲ.

ಬಾಗಿಲಲ್ಲಿ ಸಂಘದ ಕಾವಲು ಬೇರೆ. ನಿನ್ನೆ ಹಲ್ಲುಜ್ಜೋಕೆ ಒಳಗೆ ಹೋಗ್ಬೇಕು ಅಂದ್ರೆ ಅಧ್ಯಕ್ಷ ಅಡ್ಡ ನಿಂತ.

"ಅಣ್ಣ ಮಲಗಿದಾರೆ. ಆಮೇಲೆ ಬಾ."

"ಇದು ನನ್ನ ಮನೆ ಕಣೋ!"

"ಅವರವರ ಮನೇಲಿ ಅವರವರೇ ಇರ್ಬೇಕು ಅಂತ ಮೈಕಲ್ಲಿ ಹೇಳಿದೋರು ಯಾರು?" ಅಂದ, ಬೋರ್ಡು ತೋರಿಸಿ.

ನಾನು ಸೋತಿಲ್ಲ. ಇದೂ ಒಂದು ಹೋರಾಟನೇ. ಟೆಂಪೋನ ಬಾಗಿಲಿಗೆ ಎದುರಾಗೇ ನಿಲ್ಲಿಸಿದೀನಿ, ಕದಲಲ್ಲ. ಹಾಲಿನೋನು ಹಾರ್ನ್ ಹೊಡೆದ್ರೂ ಕದಲಿಲ್ಲ.

ಇವತ್ತು ಬೆಳಗ್ಗೆ ಒಳಗಿಂದ ಟಣ್ ಟಣ್ ಅಂತ ಸದ್ದು ಬಂತು. ಮೊಳೆ! ಕಿಟಕಿ ಹತ್ರ ಓಡಿದೆ. ಇವಳು ಟೀ ಲೋಟ ಕೊಡೋಕೆ ಬಂದ್ಲು, ಮುಖ ಅರಳಿತ್ತು.

"ರೀ, ಅಣ್ಣ ಒಂದು ಮೊಳೆಗೆ ಒಪ್ಪಿದ್ರು! ಮೊಳೆ ಮಾವನ ಕೈಯಿಂದಾನೇ ಹೊಡೆಸಿದೆ!"

"ಕೊನೆಗೂ ಅವರ ಫೋಟೋ ಹಾಕ್ದ್ಯಾ?"

"ಅಣ್ಣನೇ ಮನೇಲಿರುವಾಗ ಅವರ ಫೋಟೋ ಯಾಕ್ರೀ?" ಅಂದ್ಲು. "ನಿಮ್ಮದು ಹಾಕಿದೀನಿ. ಪಾಪ, ಮನೇಲಿ ಇರಲ್ವಲ್ಲ ನೀವು."